ಹಾರಿತು, ಆದರೆ ಹಾರಾಡಲಿಲ್ಲ

ಚೆನ್ನೈನ ಉತ್ತರ ತುದಿಯ ಎಣ್ಣೂರಿನಲ್ಲಿ, ಕೊಸಸ್ತಲೈ ನದಿ ಕಡಲಿಗೆ ಸೇರುವ ಅಳಿವೆಯ ಬಳಿ ಬೆಳಗಿನ ಹೊತ್ತು ನಿಂತವರಿಗೆ ಒಂದು ನೋಟ ಕಾಣಸಿಗುತ್ತದೆ. ಹಿಂದೆ ವಿದ್ಯುತ್ ಸ್ಥಾವರದ ಚಿಮಣಿಗಳು, ಮುಂದೆ ಫೈಬರ್ ದೋಣಿಗಳು, ನಡುವೆ ಹೆಜ್ಜಾರ್ಲೆಗಳು. ಕೊಕ್ಕರೆಬೆಳ್ಳೂರಿನ ಮರಗಳ ಮೇಲೆ ಗೂಡು ಕಟ್ಟುವ ಅದೇ ಹಕ್ಕಿ. ಅಷ್ಟು ದೊಡ್ಡ ಮೈ, ಅಷ್ಟು ಉದ್ದದ ಕೊಕ್ಕು ಹೊತ್ತುಕೊಂಡು ನೀರಿಗೆ ಹೊಟ್ಟೆ ತಾಗಿತೇನೋ ಎನ್ನುವಷ್ಟು ಕೆಳಗೆ ಸಾಗುತ್ತದೆ. ರೆಕ್ಕೆ ಬಡಿಯುವುದೇ ಇಲ್ಲ. ಸುಮ್ಮನೆ ಚಾಚಿಕೊಂಡು, ಯಾರೋ ಕೆಳಗಿನಿಂದ ಅಂಗೈಯಲ್ಲಿ ಹಿಡಿದು ತಳ್ಳುತ್ತಿದ್ದಾರೆ ಎಂಬಂತೆ ಜಾರುತ್ತಾ ಹೋಗುತ್ತದೆ.

ಆ ಅಂಗೈ ನಿಜವಾಗಿಯೂ ಇದೆ. ಯಾವುದೇ ರೆಕ್ಕೆ ಗಾಳಿಯಲ್ಲಿ ಭಾರ ಹೊರುವಾಗ ಅದರ ತುದಿಗಳಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡು ಸುಳಿಯಾಗುತ್ತದೆ. ಆ ಸುಳಿಗಳೇ ರೆಕ್ಕೆಯನ್ನು ಹಿಂದಕ್ಕೆ ಎಳೆಯುತ್ತವೆ. ನೆಲವೋ ನೀರೋ ತೀರಾ ಹತ್ತಿರವಿದ್ದರೆ ಸುಳಿಗೆ ಪೂರ್ತಿ ಬೆಳೆಯಲು ಜಾಗವಿರುವುದಿಲ್ಲ, ಎಳೆತ ಕಡಿಮೆಯಾಗುತ್ತದೆ. ವಿಮಾನ ಶಾಸ್ತ್ರದವರು ಇದನ್ನು ಗ್ರೌಂಡ್ ಎಫೆಕ್ಟ್ ಎನ್ನುತ್ತಾರೆ, ಕನ್ನಡದಲ್ಲಿ ನೆಲದಾಸರೆ ಎಂದರೆ ತಪ್ಪಾಗದು. ಹೆಜ್ಜಾರ್ಲೆ ಈ ಆಸರೆಯಲ್ಲಿ ಸಾಗುವಾಗ ಅದು ಹಾರುತ್ತಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಅದೇ ಆಸರೆಯಲ್ಲಿ ಒಂದೇ ಒಂದು ಸಲ, 26 ಸೆಕೆಂಡುಗಳಷ್ಟು ಕಾಲ ನೀರಿನಿಂದ ಮೇಲೆದ್ದ ಮರದ ವಿಮಾನವೊಂದರ ಬಗ್ಗೆ ಮಾತ್ರ ಈ ಪ್ರಶ್ನೆ ಸುಮಾರು ಎಂಬತ್ತು ವರ್ಷಗಳಿಂದ ಮುಗಿದಿಲ್ಲ.

ವಿಮಾನದ ಹೆಸರು ಹ್ಯೂಸ್ ಎಚ್-4 ಹರ್ಕ್ಯುಲೀಸ್. ಪತ್ರಿಕೆಗಳು ಇಟ್ಟ ಅಡ್ಡಹೆಸರು ಸ್ಪ್ರೂಸ್ ಗೂಸ್. ಮಾಲೀಕ ಹೊವಾರ್ಡ್ ಹ್ಯೂಸ್‌ಗೆ ಆ ಹೆಸರು ಕಂಡರಾಗುತ್ತಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ವಿಮಾನದ ಬಹುಪಾಲು ಸ್ಪ್ರೂಸ್ ಅಲ್ಲ, ಬರ್ಚ್ ಮರ.

ಅದರ ಕಥೆಗೆ ಹೋಗುವ ಮೊದಲು ಎಣ್ಣೂರಿನಿಂದ ಪಶ್ಚಿಮಕ್ಕೆ ಹದಿನೈದು ಕಿಲೋಮೀಟರ್ ಆಚೀಚೆ ಇರುವ ಒಂದು ಕೆರೆಯನ್ನು ನೋಡಬೇಕು. ಪುಳಲ್ ಕೆರೆ, ಇಂಗ್ಲಿಷರ ಬಾಯಲ್ಲಿ ರೆಡ್ ಹಿಲ್ಸ್. ಇವತ್ತು ಚೆನ್ನೈಗೆ ಕುಡಿಯುವ ನೀರು ಕೊಡುವ ಈ ಕೆರೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನ ನಿಲ್ದಾಣವಾಗಿತ್ತು. ರನ್‌ವೇ ಇಲ್ಲದ ನಿಲ್ದಾಣ. 1942ರಿಂದ ಇಲ್ಲಿ 240ನೇ ಸ್ಕ್ವಾಡ್ರನ್ನಿನ ಕ್ಯಾಟಲಿನಾ ಹಾರುದೋಣಿಗಳು ನೀರಿನ ಮೇಲೆ ಇಳಿದು, ನೀರಿನಿಂದಲೇ ಏರಿ, ಬಂಗಾಳ ಕೊಲ್ಲಿಯ ಮೇಲೆ ಗಸ್ತು ತಿರುಗುತ್ತಿದ್ದವು. ಇಂಥವೇ ಕ್ಯಾಟಲಿನಾಗಳು ಬೆಂಗಳೂರಿಗೂ ಬಂದವು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿಪೇರಿಗೆಂದು ಬರುವಾಗ ಅವು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ನೊರೆ ಉಕ್ಕಿ ರಸ್ತೆಗೆ ಬಂದ, ಬೆಂಕಿ ಹತ್ತಿಕೊಂಡು ದೇಶಕ್ಕೆಲ್ಲ ಸುದ್ದಿಯಾದ ಅದೇ ಬೆಳ್ಳಂದೂರು. ಹೀಗಾಗಿ ಹಾರುದೋಣಿ ಎಂಬುದು ಕನ್ನಡಿಗರಿಗೆ ‘ದಿ ಏವಿಯೇಟರ್’ ಸಿನಿಮಾದಿಂದ ಮಾತ್ರ ಗೊತ್ತಾಗಬೇಕಾದ ವಸ್ತುವಲ್ಲ.

ಕ್ಯಾಟಲಿನಾ ಲೋಹದ್ದು, ಎರಡು ಎಂಜಿನ್ನಿನದು, ರೆಕ್ಕೆಯ ತುದಿಯಿಂದ ತುದಿಗೆ 32 ಮೀಟರಿಗೆ ಸ್ವಲ್ಪ ಕಡಿಮೆ. ನಿಧಾನ, ಆದರೆ ಹಟಮಾರಿ. 1943ರಿಂದ ಸಿಲೋನಿನ ಕೊಗ್ಗಲ ಮತ್ತು ಆಸ್ಟ್ರೇಲಿಯಾದ ಪರ್ತ್ ನಡುವೆ ಕ್ವಾಂಟಸ್ ಸಂಸ್ಥೆ ಇವುಗಳನ್ನು ನಡೆಸಿದಾಗ ಒಂದು ಪಯಣಕ್ಕೆ 27ರಿಂದ 33 ಗಂಟೆ ಹಿಡಿಯುತ್ತಿತ್ತು. ದಾರಿಯಲ್ಲಿ ಎಲ್ಲೂ ಇಳಿಯುವಂತಿಲ್ಲ. ಪ್ರಯಾಣಿಕರು ಆಕಾಶದಲ್ಲೇ ಎರಡು ಸೂರ್ಯೋದಯ ಕಾಣುತ್ತಿದ್ದರು. ಈ ಗಂಟೆಗಳ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

1942ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಮೆರಿಕದ ಸರಕು ಹಡಗುಗಳನ್ನು ಒಂದಾದ ಮೇಲೊಂದು ಮುಳುಗಿಸುತ್ತಿದ್ದವು. ಲಿಬರ್ಟಿ ಹಡಗುಗಳನ್ನು ಇಡ್ಲಿ ಬೇಯಿಸಿದಷ್ಟು ಸಲೀಸಾಗಿ ತಯಾರಿಸಿ ಹೆಸರಾಗಿದ್ದ ಹೆನ್ರಿ ಕೈಸರ್ ಎಂಬ ಉದ್ಯಮಿಗೆ ಹಡಗುಗಳನ್ನೇ ಗಾಳಿಯಲ್ಲಿ ಕಳಿಸಿದರೆ ಹೇಗೆ ಎನ್ನಿಸಿತು. ಹ್ಯೂಸ್ ಜೊತೆಗೂಡಿದ. ಸರ್ಕಾರ ಮೂರು ವಿಮಾನಗಳಿಗೆ ಒಪ್ಪಿತು, ಷರತ್ತು ಹಾಕಿತು: ಅಲ್ಯುಮಿನಿಯಂನಂಥ ಯುದ್ಧಕ್ಕೆ ಬೇಕಾದ ಲೋಹವನ್ನು ಮುಟ್ಟಬಾರದು. ಹಾಗಾಗಿ ಮರ. ಬರ್ಚ್ ಮರವನ್ನು ಹಾಳೆಗಳಾಗಿ ಸೀಳಿ, ರಾಳದ ಅಂಟು ಹಚ್ಚಿ, ಅಚ್ಚಿನಲ್ಲಿ ಒತ್ತಿ ರೂಪಿಸುವ ಡ್ಯುರಾಮೋಲ್ಡ್ ಎಂಬ ವಿಧಾನ. 750 ಸೈನಿಕರನ್ನು ಹೊರಬೇಕು ಎಂಬುದು ಲೆಕ್ಕ. ರೆಕ್ಕೆಯ ಅಗಲ ಸುಮಾರು 98 ಮೀಟರ್. ತಲಾ 3,000 ಅಶ್ವಶಕ್ತಿಯ ಎಂಟು ಎಂಜಿನ್‌ಗಳು. ಪೂರ್ತಿ ಹೊರೆ ಹೊತ್ತಾಗ ತೂಕ 180 ಟನ್ನಿಗಿಂತ ಹೆಚ್ಚು.

ಕೆಲಸ ಸಾಗಲಿಲ್ಲ. ಹ್ಯೂಸ್ ಪ್ರತಿಯೊಂದು ತಿರುಪನ್ನೂ ತಾನೇ ನೋಡಬೇಕೆನ್ನುವ ಮನುಷ್ಯ. ಕೈಸರ್ 1944ರಲ್ಲಿ ಕೈತೊಳೆದುಕೊಂಡ, ಮೂರು ವಿಮಾನ ಒಂದಾಯಿತು, 1945ರಲ್ಲಿ ಯುದ್ಧವೇ ಮುಗಿಯಿತು. ವಿಮಾನ ಮುಗಿದಿರಲಿಲ್ಲ. 1947ರ ಆಗಸ್ಟಿನಲ್ಲಿ ಸೆನೆಟ್ ಸಮಿತಿ ಹ್ಯೂಸ್‌ನನ್ನು ಕರೆಸಿ ವಿಚಾರಣೆ ನಡೆಸಿತು. ಎರಡು ಕೋಟಿ ಡಾಲರ್ ಮೀರಿದ ಖರ್ಚು, ಅದರಲ್ಲಿ ದೊಡ್ಡ ಪಾಲು ಜನರ ದುಡ್ಡು, ಬಂದದ್ದೇನು? ಸೆನೆಟರ್ ಓವೆನ್ ಬ್ರೂಸ್ಟರ್ ಆ ವಿಮಾನವನ್ನು ಹಾರುವ ಮರದ ಅಡ್ಡೆ ಎಂದು ಹಂಗಿಸಿದ. ಬ್ರೂಸ್ಟರ್‌ನ ಕೈಗಳೂ ಶುದ್ಧವಿರಲಿಲ್ಲ ಎಂಬ ಆರೋಪವನ್ನು ಹ್ಯೂಸ್ ತಿರುಗಿ ಮಾಡಿದ, ಜನ ಅವನ ಕಡೆ ವಾಲಿದರು. ವಿಚಾರಣೆ ಮುಂದಕ್ಕೆ ಹೋಗಿ ನವೆಂಬರಿನಲ್ಲಿ ಮತ್ತೆ ಕೂಡಬೇಕಿತ್ತು.

ಆ ಬಿಡುವಿನಲ್ಲಿ, 1947ರ ನವೆಂಬರ್ 2ರಂದು, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರಿನಲ್ಲಿ ಹ್ಯೂಸ್ ವಿಮಾನವನ್ನು ನೀರಿಗೆ ತಂದ. ಹೇಳಿದ್ದು ನೀರಿನ ಮೇಲೆ ಓಡಿಸಿ ನೋಡುತ್ತೇನೆ ಎಂದಷ್ಟೇ. ಪತ್ರಕರ್ತರೂ ಹತ್ತಿದರು. ಎರಡು ಓಟ ಮುಗಿದ ಮೇಲೆ ಹೆಚ್ಚಿನವರು ಇನ್ನೇನು ಸುದ್ದಿ ಇಲ್ಲವೆಂದು ವರದಿ ಕಳಿಸಲು ಇಳಿದುಹೋದರು. (ಪತ್ರಿಕೋದ್ಯಮದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅವಸರ ಸಿಗುವುದು ಕಷ್ಟ.) ಉಳಿದವರಲ್ಲಿ ರೇಡಿಯೊ ವರದಿಗಾರ ಜೇಮ್ಸ್ ಮೆಕ್ನಮಾರಾ ಒಬ್ಬ. ಮೂರನೇ ಓಟದಲ್ಲಿ ವಿಮಾನ ನೀರು ಬಿಟ್ಟಿತು. ಸುಮಾರು 70 ಅಡಿ ಎತ್ತರ, ಗಂಟೆಗೆ 217 ಕಿಲೋಮೀಟರ್ ವೇಗ, ಒಂದು ಮೈಲಿ ದೂರ. ಆಮೇಲೆ ಮೆತ್ತಗೆ ನೀರಿಗೆ ಇಳಿಯಿತು. ಮತ್ತೆ ಎಂದೂ ಏಳಲಿಲ್ಲ.

ಅನುಮಾನದವರ ಮಾತು ಗಟ್ಟಿಯಾಗಿಯೇ ಇದೆ. ಹಿಡಿಯಲ್ಲಿ ಸೈನಿಕರಿಲ್ಲ, ಟ್ಯಾಂಕುಗಳಿಲ್ಲ, ವಿಮಾನ ಖಾಲಿ. 98 ಮೀಟರ್ ರೆಕ್ಕೆಯ ವಿಮಾನ 21 ಮೀಟರ್ ಏರಿದರೆ ಅದು ಎಣ್ಣೂರಿನ ಹೆಜ್ಜಾರ್ಲೆಯಂತೆ ನೆಲದಾಸರೆಯಲ್ಲೇ ಉಳಿದ ಹಾಗೆ. ಆ ಆಸರೆ ದಾಟಿ ಮೇಲೆ ಹೋಗುವ ಶಕ್ತಿ ಅದಕ್ಕಿತ್ತೇ? ಇದ್ದಿದ್ದರೆ ಹ್ಯೂಸ್ ಯಾಕೆ ಹೋಗಲಿಲ್ಲ? ಇಂಥ ಯಂತ್ರಗಳು ಇದ್ದದ್ದೂ ನಿಜ. ಸೋವಿಯತ್ ಒಕ್ಕೂಟ 1960ರ ದಶಕದಲ್ಲಿ ಕ್ಯಾಸ್ಪಿಯನ್ ಸಮುದ್ರದ ಮೇಲೆ ಓಡಿಸಿದ ಎಕ್ರನೊಪ್ಲಾನ್ ಎಂಬ ದೈತ್ಯ ನೀರಿನಿಂದ ಕೆಲವೇ ಮೀಟರ್ ಮೇಲೆ ಸಾಗುವುದಕ್ಕೆಂದೇ ಕಟ್ಟಿದ್ದು. ನೆಲದಾಸರೆ ಬಿಟ್ಟು ಮೇಲೇರಲಾರದ ಇಂಥವನ್ನು ಅಂತಾರಾಷ್ಟ್ರೀಯ ಕಾನೂನು ವಿಮಾನ ಎನ್ನುವುದೇ ಇಲ್ಲ, ಹಡಗುಗಳ ಪಟ್ಟಿಗೆ ಹಾಕುತ್ತದೆ.

ಆದರೆ ಈ ವಾದವನ್ನು ಅಳತೆಗೆ ಹಚ್ಚಿದರೆ ಅರ್ಧ ಕರಗುತ್ತದೆ. ಪೈಲಟ್‌ಗಳ ಪಠ್ಯಪುಸ್ತಕಗಳು ಕೊಡುವ ಲೆಕ್ಕ ಹೀಗಿದೆ: ರೆಕ್ಕೆ ತನ್ನ ಅಗಲದಷ್ಟೇ ಎತ್ತರದಲ್ಲಿದ್ದಾಗ ಸುಳಿಯ ಎಳೆತದಲ್ಲಿ ಆಗುವ ಉಳಿತಾಯ ಶೇ. 1.4, ಅಗಲದ ಕಾಲುಭಾಗದ ಎತ್ತರದಲ್ಲಿ ಶೇ. 23.5, ಹತ್ತನೇ ಒಂದು ಭಾಗದಲ್ಲಿ ಶೇ. 47.6. ಎಚ್-4ರ 70 ಅಡಿ ಅದರ ರೆಕ್ಕೆಯ ಅಗಲದ ಕಾಲುಭಾಗಕ್ಕಿಂತ ತುಸು ಕಡಿಮೆ, ರೆಕ್ಕೆ ಇರುವುದು ದೋಣಿಯ ತಳಕ್ಕಿಂತ ಬಹಳ ಮೇಲೆ. ಅಂದರೆ ಎಳೆತದ ಒಂದು ಬಗೆಯಲ್ಲಿ ನಾಲ್ಕನೇ ಒಂದು ಭಾಗದ ಆಚೀಚೆ ರಿಯಾಯಿತಿ ಸಿಕ್ಕಿತು. ಸಹಾಯ ಹೌದು, ಎತ್ತಿ ಹಿಡಿದದ್ದು ಅದೊಂದೇ ಅಲ್ಲ.

ಇನ್ನೊಂದು ಹೋಲಿಕೆ ನೋಡಿ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಎತ್ತರ ಸುಮಾರು 10 ಅಡಿ, ರೆಕ್ಕೆಯ ಅಗಲ 40 ಅಡಿ. ಅದೂ ಅಗಲದ ಕಾಲುಭಾಗವೇ! ಅವರ ದೂರ ಅವರ ರೆಕ್ಕೆಯ ಮೂರು ಪಟ್ಟು, ಹ್ಯೂಸ್‌ನ ದೂರ ಅವನ ರೆಕ್ಕೆಯ ಹದಿನಾರು ಪಟ್ಟು. ನೆಲದಾಸರೆಯಲ್ಲಿ ಹಾರಿದ್ದು ಹಾರಾಟವಲ್ಲ ಎಂದು ಪಟ್ಟು ಹಿಡಿದರೆ ಮೊದಲು ಶಾಲೆಯ ಪಠ್ಯಪುಸ್ತಕದಿಂದ ರೈಟ್ ಸಹೋದರರನ್ನು ಕಿತ್ತುಹಾಕಬೇಕು.

ಪೂರ್ತಿ ಹೊರೆ ಹೊತ್ತರೆ? ಅಲ್ಲಿಯೂ ಅಂಕಿಗಳು ವಿಮಾನದ ಪರ. ಎಚ್-4ರಲ್ಲಿ ಒಂದು ಅಶ್ವಶಕ್ತಿಗೆ ಸುಮಾರು 7.5 ಕಿಲೋ ತೂಕ. ಅದೇ ಕಾಲದ ಮಾರ್ಟಿನ್ ಮಾರ್ಸ್ ಎಂಬ ಲೋಹದ ಹಾರುದೋಣಿ ತನ್ನ ಗರಿಷ್ಠ ಹೊರೆಯಲ್ಲಿ 75 ಟನ್, ತಲಾ 2,500 ಅಶ್ವಶಕ್ತಿಯ ನಾಲ್ಕು ಎಂಜಿನ್. ಭಾಗಿಸಿ ನೋಡಿ, ಅದೇ 7.5. ರೆಕ್ಕೆಯ ಒಂದು ಚದರ ಮೀಟರಿಗೆ ಬೀಳುವ ಭಾರದಲ್ಲಂತೂ ಎಚ್-4 ಮಾರ್ಸ್‌ಗಿಂತ ಹಗುರ: ಇಲ್ಲಿ 170 ಕಿಲೋ ಆಸುಪಾಸು, ಅಲ್ಲಿ 220ರ ಹತ್ತಿರ. ಮಾರ್ಸ್ ಹಾರುತ್ತಿತ್ತೇ ಎಂದು ಕೆನಡಾದವರನ್ನು ಕೇಳಬೇಕು. ಅಲ್ಲಿ ಅವು ಅರ್ಧ ಶತಮಾನ ಕಾಡ್ಗಿಚ್ಚಿನ ಮೇಲೆ ನೀರು ಸುರಿದವು, ಒಂದು 2024ರಲ್ಲಿ ತನ್ನ ರೆಕ್ಕೆಯ ಮೇಲೆಯೇ ಮ್ಯೂಸಿಯಂ ತಲುಪಿತು.

ಹಾಗಾದರೆ ಮರ? ಅಷ್ಟು ದೊಡ್ಡ ಮರದ ಚೌಕಟ್ಟು ಬಿಸಿಲು, ತೇವ, ಅಲೆಯ ಪೆಟ್ಟು ತಾಳುತ್ತಿತ್ತೇ? ಇಲ್ಲಿ ನೆನೆಯಬೇಕಾದ ಕಥೆ ಯಲಹಂಕದ್ದು. 1944ರಲ್ಲಿ ಬ್ರಿಟಿಷ್ ವಾಯುಪಡೆಯ 45ನೇ ಸ್ಕ್ವಾಡ್ರನ್ ಯಲಹಂಕಕ್ಕೆ ಬಂದು ಮಸ್ಕಿಟೊ ವಿಮಾನಗಳನ್ನು ಪಡೆಯಿತು. ಮಸ್ಕಿಟೊ ಮರದ ವಿಮಾನ, ಯುದ್ಧದ ಅತಿ ವೇಗದ ವಿಮಾನಗಳಲ್ಲೊಂದು. ಅದೇ ವರ್ಷದ ಕೊನೆಗೆ ಈ ಭಾಗದ ಆಕಾಶದಲ್ಲಿ ಹಲವು ಮಸ್ಕಿಟೊಗಳು ಅಪಘಾತಕ್ಕೀಡಾದವು. ರೆಕ್ಕೆಯ ಮೇಲ್ಪದರ ಒಳಗಿನ ತೊಲೆಯಿಂದ ಬಿಟ್ಟುಕೊಳ್ಳುತ್ತಿತ್ತು. ತಯಾರಕರ ಕಡೆಯಿಂದ ಹೆರವರ್ಡ್ ಡಿ ಹಾವಿಲೆಂಡ್ ಭಾರತಕ್ಕೆ ಬಂದು ತನಿಖೆ ಮಾಡಿ, ಅಂಟಿನ ತಪ್ಪಲ್ಲ, ಇಲ್ಲಿನ ಮಳೆಗಾಲದಲ್ಲಿ ಮರ ಕುಗ್ಗಿದ್ದರಿಂದ ಹೀಗಾಯಿತು ಎಂದು ವರದಿ ಕೊಟ್ಟ. ಅನುಕೂಲದ ಮಾತು. ಮಳೆಗಾಲವೇನೂ ಎದ್ದು ಬಂದು ಉತ್ತರ ಕೊಡುವುದಿಲ್ಲ. ಆಮೇಲಿನ ತನಿಖೆಗಳು ಇಂಗ್ಲೆಂಡಿನಲ್ಲೇ ಇದ್ದ, ಒಂದು ಹನಿ ಮುಂಗಾರು ಮಳೆ ಕಾಣದ ವಿಮಾನಗಳಲ್ಲೂ ಅದೇ ದೋಷ ಕಂಡವು: ಕಾರ್ಖಾನೆಯಲ್ಲಿ ಅಂಟು ಸರಿಯಾಗಿ ಹಚ್ಚಿರಲಿಲ್ಲ. ಆದರೂ ವಾಯುಪಡೆಯ ಸಚಿವಾಲಯ ಹವಾಮಾನದ ಕಾರಣವನ್ನೇ ಬಿಡದೆ ಹಿಡಿದುಕೊಂಡಿತು, ಪೈಲಟ್‌ಗಳ ನಂಬಿಕೆ ಕುಸಿಯಬಾರದಲ್ಲ.

ಅಂದರೆ ಮರದ ಯಂತ್ರದಲ್ಲಿ ಸೋಲುವುದು ಮರಕ್ಕಿಂತ ಹೆಚ್ಚಾಗಿ ಜೋಡಣೆ. ಈ ಕರಾವಳಿಯ ಹಳೆಯ ಬಡಗಿಗಳಿಗೆ ಇದು ಗೊತ್ತಿತ್ತು. ಬಂದರು ಕಟ್ಟುವ ಮೊದಲು ಮದ್ರಾಸಿನ ಅಬ್ಬರದ ಅಲೆಗಳನ್ನು ದಾಟಿ ಹಡಗುಗಳಿಂದ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದ ಮಸೂಲಾ ದೋಣಿಗಳಲ್ಲಿ ಮೊಳೆಯೇ ಇರುತ್ತಿರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಬಡಿದಾಗ ದೋಣಿ ಮುರಿಯುವ ಬದಲು ಬಳುಕುತ್ತಿತ್ತು. ಹ್ಯೂಸ್‌ನ ವಿಮಾನದ ಜೋಡಣೆ ಹೇಗಿತ್ತು ಎಂಬುದಕ್ಕೆ ಆ 26 ಸೆಕೆಂಡ್ ಬಹಳ ಚಿಕ್ಕ ಪರೀಕ್ಷೆ. ಪೂರ್ತಿ ಹೊರೆ ಇಲ್ಲ, ತಿರುವು ಇಲ್ಲ, ಬಿರುಗಾಳಿ ಇಲ್ಲ, ಹೆಗ್ಗಡಲಿನ ಅಲೆ ಇಲ್ಲ. ಅಂಕಿಗಳು ‘ಹಾರಬಲ್ಲದು’ ಎನ್ನುತ್ತವೆ, ಅಂಟು ತನ್ನ ಸಾಕ್ಷಿ ಹೇಳುವ ಅವಕಾಶವನ್ನೇ ಪಡೆಯಲಿಲ್ಲ.

ಇಷ್ಟಾದ ಮೇಲೂ ಜಗಳ ಉಳಿಯುವುದು ಪದದಲ್ಲಿ. ಇಂಗ್ಲಿಷಿನಲ್ಲಿ ಹಾರುವುದಕ್ಕೂ ಜಿಗಿಯುವುದಕ್ಕೂ ಬೇರೆ ಬೇರೆ ಪದಗಳಿವೆ, ಹಾಗಾಗಿ ಅಲ್ಲಿ ಒಬ್ಬರು ಇದನ್ನು ಹಾರಾಟ ಎಂದರೆ ಇನ್ನೊಬ್ಬರು ಬರೀ ನೆಗೆತ ಎನ್ನುತ್ತಾರೆ. ಎಣ್ಣೂರಿನ ತಮಿಳಿನಲ್ಲಿಯೂ ಹಕ್ಕಿಯದ್ದು ‘ಪರ’, ಜಿಗಿತಕ್ಕೆ ‘ತಾಂಡು’, ‘ಕುದಿ’. ಕನ್ನಡ ಈ ವಿಷಯದಲ್ಲಿ ವಿಚಿತ್ರ ಭಾಷೆ. ಹಳಗನ್ನಡದ ‘ಪಾಱು’ ಹೊಸಗನ್ನಡದ ‘ಹಾರು’ ಆಗಿ ಎರಡೂ ಕೆಲಸ ಮಾಡುತ್ತದೆ. ಹುಡುಗ ಬೇಲಿ ಹಾರುತ್ತಾನೆ, ಗಿಳಿಯೂ ಹಾರುತ್ತದೆ. ಹನುಮಂತ ಕಡಲು ಹಾರಿದ ಎಂದಾಗ ಅವನು ಜಿಗಿದನೋ ತೇಲಿ ಹೋದನೋ ಎಂದು ಕ್ರಿಯಾಪದ ಬಾಯಿಬಿಡುವುದಿಲ್ಲ. ಅಂಗಳದ ಕೋಳಿ ಹಲಸಿನ ಕೊಂಬೆಗೆ ಹಾರಿತು ಎಂದರೆ ಯಾರೂ ವಿವರಣೆ ಕೇಳುವುದಿಲ್ಲ. ಹೀಗಿರುವಾಗ ‘ಎಚ್-4 ಹಾರಿತೇ’ ಎಂಬ ಪ್ರಶ್ನೆಗೆ ಕನ್ನಡದಲ್ಲಿ ‘ಹಾರಿತು’ ಎಂದು ಕಣ್ಣುಮುಚ್ಚಿ ಹೇಳಬಹುದು. ನೆಗೆತ ಎಂದುಕೊಂಡರೂ ನಿಜ, ಹಾರಾಟ ಎಂದುಕೊಂಡರೂ ನಿಜ.

ಕನ್ನಡ ಬೇರೆ ಕಡೆ ಗೆರೆ ಎಳೆಯುತ್ತದೆ. ಓಡು ಬೇರೆ, ಓಡಾಡು ಬೇರೆ. ತಿರುಗು, ತಿರುಗಾಡು. ಮಗು ಮೊದಲ ಸಲ ಗೋಡೆ ಬಿಟ್ಟು ಎರಡು ಹೆಜ್ಜೆ ಇಟ್ಟಾಗ ‘ನಡೆಯಿತು’ ಎಂದು ಮನೆಯವರೆಲ್ಲ ಸಂಭ್ರಮಿಸುತ್ತಾರೆ, ‘ನಡೆದಾಡುತ್ತದೆ’ ಎನ್ನಲು ಇನ್ನೂ ಕೆಲವು ವಾರ ಬೇಕು. ಕ್ರಿಯೆಗೆ ‘ಆಡು’ ಸೇರಿದಾಗ ಅದು ಮರುಕಳಿಸುತ್ತದೆ, ಬೇಕಾದತ್ತ ತಿರುಗುತ್ತದೆ, ರೂಢಿಯಾಗುತ್ತದೆ. ರೈಟ್ ಸಹೋದರರ ಯಂತ್ರ 1903ರಲ್ಲಿ ಹಾರಿತು. 1905ರ ಅಕ್ಟೋಬರ್ 5ರಂದು ಅವರ ಮೂರನೇ ಯಂತ್ರ 39 ನಿಮಿಷ, 24 ಮೈಲಿ, ಹೊಲದ ಸುತ್ತ ಸುತ್ತಿ ಸುತ್ತಿ ಹೋದಾಗ ಅದು ಹಾರಾಡಿತು. ಪುಳಲ್ ಕೆರೆಯ ಕ್ಯಾಟಲಿನಾಗಳು ಹಾರಾಡಿದವು. ಕೊಗ್ಗಲದ 33 ಗಂಟೆಗಳ ಎದುರು 26 ಸೆಕೆಂಡನ್ನು ಇಟ್ಟರೆ ಎಚ್-4 ಹಾರಿತು, ಹಾರಾಡಲಿಲ್ಲ.

ಇದು ಪದದಾಟ ಎನಿಸಬಹುದು. ಆದರೆ 1947ರ ವಿಚಾರಣೆಯ ಹುಳುಕು ಇರುವುದು ಇಲ್ಲಿಯೇ. ಸಮಿತಿ ಕೇಳಬೇಕಾಗಿದ್ದ ಪ್ರಶ್ನೆ, ಸೈನಿಕರನ್ನು ಹೊತ್ತು ಅಟ್ಲಾಂಟಿಕ್ ದಾಟಲು ಜನ ದುಡ್ಡು ಕೊಟ್ಟ ವಿಮಾನ ಆ ಕೆಲಸ ಮಾಡುತ್ತದೆಯೇ ಎಂಬುದು. ಅದನ್ನು ಬಿಟ್ಟು ಬ್ರೂಸ್ಟರ್ ಹಂಗಿಸುವುದಕ್ಕೆ ಹೋದ, ಇದು ಏಳುವುದೇ ಇಲ್ಲ ಎಂಬ ಧಾಟಿಯಲ್ಲಿ. ಹ್ಯೂಸ್ ಹಂಗನ್ನೇ ಸವಾಲಾಗಿ ತೆಗೆದುಕೊಂಡು ಸುಲಭದ ಪ್ರಶ್ನೆಗೆ ಭರ್ಜರಿ ಉತ್ತರ ಕೊಟ್ಟ. ಒಂದು ಮೈಲಿ ಹಾರಿದ ತಕ್ಷಣ ಮೂಲ ಪ್ರಶ್ನೆ ಕೇಳುವವರೇ ಇಲ್ಲದಾದರು. ಹಂಗಿಸುವವರು ಪ್ರಶ್ನೆಯ ಮಟ್ಟವನ್ನು ಎಷ್ಟು ಕೆಳಗಿಳಿಸುತ್ತಾರೆಂದರೆ ಎದುರಾಳಿ 70 ಅಡಿ ಏರಿದರೂ ಗೆದ್ದುಬಿಡುತ್ತಾನೆ.

ಬೆಂಗಳೂರಿನವರಿಗೆ ಈ ವ್ಯತ್ಯಾಸ ಹೊಸದಲ್ಲ. ತೇಜಸ್ 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಸಲ ಹಾರಿದ್ದು 18 ನಿಮಿಷ. ಅಂದು ಚಪ್ಪಾಳೆ ಸರಿಯಾಗಿಯೇ ಬಿತ್ತು. ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರ ಜುಲೈನಲ್ಲಿ. ನಡುವಿನ ಹದಿನೈದು ವರ್ಷಗಳನ್ನು ತಡ ಎಂದು ಬೈಯಬಹುದು, ಬೈಯಬೇಕಾದ್ದೂ ಇದೆ, ಆದರೆ ಹಾರು ಎಂಬುದಕ್ಕೆ ಆಡು ಸೇರಿಸುವ ಕೆಲಸ ನಡೆದದ್ದು ಆ ವರ್ಷಗಳಲ್ಲೇ. ಆ ಕೆಲಸದ ಬೆಲೆ ಏನೆಂದು ಬಿಡದಿಯ ಹತ್ತಿರದ ಹೊಲಗಳಿಗೂ ಗೊತ್ತು. ಎನ್‌ಎಎಲ್ ರೂಪಿಸಿದ ಸರಸ್ 2004ರಲ್ಲೇ ಹಾರಿತ್ತು. ಅದರ ಎರಡನೇ ಮಾದರಿ 2009ರ ಮಾರ್ಚ್ 6ರಂದು, ಎಂಜಿನ್ ನಿಲ್ಲಿಸಿ ಆಕಾಶದಲ್ಲೇ ಮತ್ತೆ ಹಚ್ಚುವ ಪರೀಕ್ಷೆಯಲ್ಲಿದ್ದಾಗ ಅಲ್ಲಿ ಬಿತ್ತು. ವಾಯುಪಡೆಯ ಮೂವರು ಸತ್ತರು. ಅವರು ಮಾಡುತ್ತಿದ್ದುದು ಹ್ಯೂಸ್ ಮಾಡದೇ ಬಿಟ್ಟ ಕೆಲಸವನ್ನು.

ಹ್ಯೂಸ್ ಬಿಟ್ಟ ಎನ್ನುವುದೂ ಪೂರ್ತಿ ನ್ಯಾಯವಲ್ಲ. ಅವನು ವಿಮಾನವನ್ನು ಗುಜರಿಗೆ ಹಾಕಲಿಲ್ಲ. ಉಷ್ಣತೆ, ತೇವ ಹತೋಟಿಯಲ್ಲಿಟ್ಟ ದೊಡ್ಡ ಕೊಟ್ಟಿಗೆಯಲ್ಲಿ, ಯಾವಾಗ ಬೇಕಾದರೂ ಹಾರಲು ಸಿದ್ಧವಿರುವಂತೆ ಇಡಿಸಿದ. ಅದಕ್ಕಾಗಿ ಮುನ್ನೂರು ಜನ ಕೆಲಸ ಮಾಡುತ್ತಿದ್ದರು, 1962ರಲ್ಲಿ ಐವತ್ತಕ್ಕೆ ಇಳಿಸಿದ. 1976ರಲ್ಲಿ ಅವನು ಸಾಯುವವರೆಗೆ ಇದು ನಡೆಯಿತು. ಇಪ್ಪತ್ತೊಂಬತ್ತು ವರ್ಷ. ಮರಕ್ಕೆ ಬಿರುಕು ಬಿಡದಂತೆ, ಲೋಹಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಂಡ ಆ ಕೆಲಸಗಾರರು ಏನು ಕಾಯುತ್ತಿದ್ದರೋ ಅದು ಬರಲಿಲ್ಲ. ಬಡಗಿಯೊಬ್ಬನಿಗೆ ತಾನು ಮಾಡಿದ ದೋಣಿ ಮುಳುಗಿದರೂ ಒಂದು ಉತ್ತರ ಸಿಕ್ಕಂತೆ. ಇವರಿಗೆ ಅದೂ ಇಲ್ಲ.

ವಿಮಾನ ಈಗ ಅಮೆರಿಕದ ಆರೆಗಾನ್ ರಾಜ್ಯದ ಮೆಕ್ಮಿನ್ವಿಲ್ ಎಂಬ ಊರಿನ ಮ್ಯೂಸಿಯಂನಲ್ಲಿದೆ. ರೆಕ್ಕೆಯ ಅಗಲದಲ್ಲಿ ಅದರ ದಾಖಲೆ ಮುರಿಯಲು 2019ರ ಏಪ್ರಿಲ್‌ನಲ್ಲಿ ಸ್ಟ್ರಾಟೋಲಾಂಚ್ ವಿಮಾನ ಏಳುವವರೆಗೆ ಕಾಯಬೇಕಾಯಿತು. ಪುಳಲ್ ಕೆರೆಯ ನೀರು ಚೆನ್ನೈನ ನಲ್ಲಿಗಳಿಗೆ ಹೋಗುತ್ತದೆ. ಎಣ್ಣೂರಿನಲ್ಲಿ 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದ ನೆರೆಯಲ್ಲಿ ಎಣ್ಣೆ ಹರಿದು ಬಂದು ಅಳಿವೆಯನ್ನೆಲ್ಲ ಕವಿದಾಗ, ಹೆಜ್ಜಾರ್ಲೆಗಳ ರೆಕ್ಕೆಗಳಿಗೂ ಅದು ಮೆತ್ತಿಕೊಂಡಿತ್ತು. ಮೀನುಗಾರರು ಬರಿಗೈಯಲ್ಲಿ ಎಣ್ಣೆ ಮೊಗೆದು ಪೀಪಾಯಿಗಳಿಗೆ ತುಂಬುತ್ತಿದ್ದ ಆ ದಿನಗಳಲ್ಲಿ ಮೈಯೆಲ್ಲ ಕಪ್ಪಾದ ಹಕ್ಕಿಗಳು ಕಾಣಿಸಿಕೊಳ್ಳುತ್ತಿದ್ದವು, ಅರಣ್ಯ ಇಲಾಖೆಯವರು ಅವನ್ನು ಹಿಡಿದು ತೊಳೆಯಲು ನೋಡುತ್ತಿದ್ದರು.